ತಡವಾದ ಎಣ್ಣೆನೀರು

ಹರಳೆಣ್ಣೆಯ ಅಂಟು ವಾಸನೆ ಮೂಗಿಗೆ ಹತ್ತಿ ಅಲ್ಲೇ ಕೂತಿದೆ, ಚಾಪೆಯ ಕಡ್ಡಿ ಕೆನ್ನೆಗೆ ಒತ್ತುತ್ತಿದೆ, ಬೆನ್ನ ಮೇಲೆ ಗಾದ್ರಮ್ಮನ ಅಂಗೈ, ಎಷ್ಟು ಒರಟು, ಎಷ್ಟು ಬಿಸಿ — ಮಾಲಾ ಕಣ್ಣು ಮುಚ್ಚಿದಳು, ಮನುಷ್ಯರ ಕೈ ಬೆನ್ನಿಗೆ ತಾಗಿ ಎಷ್ಟು ವರ್ಷವಾಯಿತು, ಬಸ್ಸಿನಲ್ಲಿ ದಿನಾ ನೂರು ಮೈ ಉಜ್ಜಿಕೊಂಡು ಹೋಗುತ್ತವೆ, ಅದು ಲೆಕ್ಕಕ್ಕಿಲ್ಲ, ಚನ್ನಗಿರಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ, ಮುಂದೆ ಹೋಗ್ರಿ, ಒಳಗೆ ಬರ್ರಿ, ಹದಿನೆಂಟು ವರ್ಷ, ಬೆನ್ನು ನೋವಿಗೆ ಬಗ್ಗಿ ನಿಂತರೆ ಡ್ರೈವರ್ ನಾಗೇಂದ್ರಪ್ಪ ನಗುತ್ತಾನೆ, ಏನ್ ಕಂಡಕ್ಟರಮ್ಮ, ಬಗ್ಗಿಕೊಂಡು ಏನ್ ಹುಡುಕ್ತೀಯ, ಅವನಿಗೇನು, ಬಸ್ಸು ನಿಲ್ಲಿಸಿ ಬೇಲಿ ಮರೆಗೆ ಹೋಗಿ ಬರುತ್ತಾನೆ, ಅವಳು ಬೆಳಗ್ಗೆ ಆರರಿಂದ ಮಧ್ಯಾಹ್ನದ ತನಕ ಬಿಗಿಹಿಡಿದು ನಿಲ್ಲಬೇಕು — ಅದೇ ನೋಡ್ರಿ ಅಂದಿದ್ದಳು ಚನ್ನಗಿರಿಯ ಫಿಸಿಯೋ ಸುಚಿತ್ರಾ, ಸೊಂಟದ ತಳದಾಗೆ ಬಟ್ಟಲಿನಂಗೆ ಸ್ನಾಯು ಐತೆ, ನೀವು ಅದನ್ನ ಬಿಗಿಹಿಡ್ದು ಹಿಡ್ದು ಬಿಡೋದೇ ಮರೆತೀರಿ, ಬೆನ್ನು ಹೆಂಗೆ ನೆಟ್ಟಗೆ ನಿಂತೀತು, ಸೊಂಟ ತೊಡೆ ಕಿಬ್ಬೊಟ್ಟೆ ಮೆಲ್ಲಗೆ ನೀವಿಸ್ಕೊಳ್ರಿ, ಉಸಿರು ಹೊಟ್ಟೆ ತನಕ ಎಳ್ಕೊಂಡು ಸಡಿಲ ಬಿಡ್ರಿ, ಮನೇಲಿ ಮೈ ನೀವೋಕೆ ಯಾರಿದಾರೆ? ಇದಾರೆ ಅಂದುಬಿಟ್ಟಳು, ಸುಳ್ಳು, ಬಾಡಿಗೆ ಕೋಣೆಯಲ್ಲಿ ಇರುವುದು ಒಂದು ಮಂಚ, ಒಂದು ಫ್ಯಾನು, ಅದಕ್ಕೇ ಇವತ್ತು ರಜೆ ಹಾಕಿ ಸಂತೇಬೆನ್ನೂರಿಗೆ, ಬಾಣಂತಿಯರ ಮೈ ನೀವುವ ಗಾದ್ರಮ್ಮನ ಹತ್ತಿರ, ಬಾಣಂತೇರನ್ನ ಬಿಟ್ಟು ಯಾರನ್ನೂ ಮುಟ್ಟಲ್ಲವ್ವ ಅಂದವಳು ಮಾಲಾ ನಿಂತ ರೀತಿ ನೋಡಿ ಸುಮ್ಮನೆ ಚಾಪೆ ಹಾಸಿದಳು — ಸಡಿಲ ಬಿಡೇ, ಏನ್ ಮೈಯೇ ಇದು, ಒನಕೆ ಆಗೈತೆ, ಯಾರು ಕಸ್ಕೊಂತಾರೆ ನಿನ್ನ? ಬಿಡಬೇಕು, ಹೇಗೆ ಬಿಡುವುದು, ಒಂದು ಸಲ ಬಿಟ್ಟದ್ದಾಯಿತಲ್ಲ, ಹೆರಿಗೆ ಮಂಚದ ಮೇಲೆ ಬಿಡಮ್ಮ ಬಿಡು ಅಂದರು, ಬಿಟ್ಟಳು, ಹೆಣ್ಣು, ಅಳಲಿಲ್ಲ, ಕಾದಳು, ಅಳಲೇ ಇಲ್ಲ, ಜಗಳೂರಿನ ತವರಿಗೆ ಬಂದಾಗ ಬಚ್ಚಲ ಒಲೆ ಉರಿಯುತ್ತಿತ್ತು, ಅವ್ವ ಸೌದೆ ಹಿರಿದು ನೀರು ಚಿಮುಕಿಸಿ ಆರಿಸಿದಳು, ಕೂಸೇ ಇಲ್ಲ, ಎಂಥ ಬಾಣಂತನ, ಜನ ಏನಂದಾರು, ಯಾರೂ ಎಣ್ಣೆ ಹಚ್ಚಲಿಲ್ಲ, ಹೊಟ್ಟೆ ಕಟ್ಟಲಿಲ್ಲ, ಎದೆಯಲ್ಲಿ ಹಾಲು ಮಾತ್ರ ಬಂತು, ಅವತ್ತು ಮುಚ್ಚಿದ್ದು, ಬಸ್ಸಿಗಿಂತ ಮುಂಚೆ — ಗಾದ್ರಮ್ಮನ ಹೆಬ್ಬೆರಳು ಸೊಂಟದ ಕೆಳಗೆ ಒತ್ತಿ ನಿಂತಿತು, ಉಸಿರು ಬಿಡು, ಇನ್ನೂ, ಇನ್ನೂ, ಹ್ಞಾ, ಏನೋ ಒಂದು ತಳದಲ್ಲಿ ಮೆಲ್ಲಗೆ ಬಿಚ್ಚಿತು, ಕಣ್ಣೀರು ಯಾಕೆ ಬಂತೋ, ಏಳು, ಬಚ್ಚಲಿಗೆ ನಡಿ, ಚೊಂಬಿನ ಮೇಲೆ ಚೊಂಬು ಬಿಸಿನೀರು, ತಲೆ, ಬೆನ್ನು, ಸೊಂಟ, ಹೋಗು, ಒರೆಸ್ಕೊ ಅಂದವಳೇ ಗಾದ್ರಮ್ಮ ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ತನಕ ಎತ್ತಿ, ಎರಡೂ ಕಾಲು ಚಾಚಿ ಜೋಡಿಸಿ, ಇತ್ತ ನೋಡದೆಯೇ ಕೈ ನೀಡಿದಳು, ಹ್ಞೂ, ತಾ ಕೂಸ್ನ. ಎಷ್ಟು ಮನೆಗಳ ರೂಢಿ, ತಾಯಿಗೆ ಎರೆದ ಮೇಲೆ ಕೂಸಿಗೆ. ಅಯ್ಯೋ ನನ್ನವ್ವ, ಮರೆತೆ ಕಣೇ — ಬಿಚ್ಚಿದ್ದು ಈಗ ಮತ್ತೆ ಮುಚ್ಚಿಕೊಳ್ಳುತ್ತದೆ, ಮಾಲಾ ಕಾದಳು, ಮುಚ್ಚಲಿಲ್ಲ, ಟವೆಲ್ ಕೈಯಲ್ಲೇ ಇದೆ, ಗಾದ್ರಮ್ಮ ಇನ್ನೂ ಕಾಲು ಮಡಚಿಲ್ಲ, ಚಾಚಿದ ಎರಡು ಕಾಲು, ಎಣ್ಣೆ ಮಿನುಗುವ ಕಣಕಾಲು, ನಡುವೆ ಕೂಸು ಮಲಗುವಷ್ಟು ತಗ್ಗು, ಅದರಲ್ಲಿ ಒಂದಿಷ್ಟು ನೀರು, ಎರಡು ಕಾಲು, ಆ ತಗ್ಗು, ಆ ತಗ್ಗು