ಮೀಸೆಯ ಸಂದಿನಿಂದ ನುಗ್ಗಿದ ನೀರು

ನನ್ನ ಮೀಸೆಯ ಬಗ್ಗೆ ನನಗೆ ಹೆಮ್ಮೆಯಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಿಷಿಗನ್ ಸರೋವರದ ಕಡೆಯ ಡೆಸ್ ಪ್ಲೇನ್ಸ್‌ನ ನಮ್ಮ ಆಫೀಸಿನಲ್ಲಿ ಅಷ್ಟು ದಪ್ಪನೆಯ ಮೀಸೆ ಇನ್ನೊಬ್ಬರಿಗಿರಲಿಲ್ಲ. ಇಪ್ಪತ್ತೆಂಟು ವರ್ಷ ಎಣ್ಣೆ ಹಚ್ಚಿ ಸಾಕಿದ ಆ ಮೀಸೆ, ಮೇ ತಿಂಗಳ ಒಂದು ಶನಿವಾರ ಹನ್ನೆರಡು ಅಡಿ ನೀರಿನೊಳಗೆ ನನ್ನ ಪ್ರಾಣವನ್ನೇ ತೆಗೆಯಲು ಹೊರಟಿತು.

ಆಗಿದ್ದಿಷ್ಟು. ನಾನು ಮತ್ತು ನನ್ನ ಹೆಂಡತಿ ಶಾಂಭವಿ ಚಳಿಗಾಲವಿಡೀ ವೆಸ್ಟ್‌ಮಂಟ್‌ನ ನಮ್ಮ ಮನೆ ಹತ್ತಿರದ ಈಜುಕೊಳದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ನಳಿಕೆಯಿಂದ ಉಸಿರಾಡುತ್ತ ಮುಳುಗುವ ಸ್ಕೂಬಾ ಡೈವಿಂಗ್ ಕಲಿತಿದ್ದೆವು. ಉಳಿದವರೆಲ್ಲ ಮೆಕ್ಸಿಕೋದ ಬೆಚ್ಚನೆಯ ಸಮುದ್ರಕ್ಕೆ ಹೋಗುತ್ತಾರೆ. ನಮಗೆ ಬೇಕಾಗಿದ್ದು ಮಿಷಿಗನ್ ಸರೋವರದ ತಳದಲ್ಲಿರುವ ಒಂದು ಮರದ ಹಡಗು. ನೂರು ವರ್ಷದ ಹಿಂದೆ ಮುಳುಗಿದ್ದು, ತಣ್ಣನೆಯ ಸಿಹಿನೀರಿನಲ್ಲಿ ಇನ್ನೂ ಕೊಳೆತಿಲ್ಲ, ಅದರ ಹಲಗೆಗಳನ್ನು ಕೈಯಿಂದ ಮುಟ್ಟಿ ನೋಡಬಹುದಂತೆ. ಅದರ ಫೋಟೋ ನೋಡಿದ ದಿನದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಜುಲೈಗೆ ದೋಣಿಯಲ್ಲಿ ಇಬ್ಬರ ಸೀಟೂ ಬುಕ್ ಆಗಿತ್ತು. ಅದಕ್ಕೂ ಮೊದಲು ಒಂದು ಗಂಟೆ ದೂರದ ಹಳೆಯ ಕಲ್ಲುಕ್ವಾರಿಯಲ್ಲಿ ತುಂಬಿನಿಂತ ನೀರಿನಲ್ಲಿ ಮುಳುಗಿ, ಪರೀಕ್ಷೆ ಪಾಸಾಗಿ, ಸರೋವರಕ್ಕಿಳಿಯಲು ಬೇಕಾದ ಕಾರ್ಡು ಪಡೆಯಬೇಕಿತ್ತು.

ಶನಿವಾರ ನೀರಿನ ಆಳದಲ್ಲಿ ನಲವತ್ತಾರು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಬರೀ ಎಂಟು ಡಿಗ್ರಿ ಸೆಲ್ಸಿಯಸ್ ಇತ್ತು. ಶಾಂಭವಿ ಅನಸ್ತೇಷಿಯಾ ಡಾಕ್ಟರು. ಊರಿನವರ ಉಸಿರನ್ನೆಲ್ಲ ನೋಡಿಕೊಳ್ಳುವವಳು ತನ್ನ ಉಸಿರಿಗೆ ಹೆದರುತ್ತಾಳೆಯೇ? ನೆಟ್ಟಗೆ ಇಳಿದು ಹೋದಳು. ನಾನೂ ಇಳಿದೆ. ಕಣ್ಣು ಮೂಗು ಎರಡನ್ನೂ ಮುಚ್ಚುವ ಮಾಸ್ಕು ಮುಖಕ್ಕೆ ಗಾಳಿಯಾಡದಂತೆ ಅಂಟಿಕೊಳ್ಳಬೇಕು. ನನಗೆ ಮೀಸೆಯ ಮೇಲೆ ಅದು ಕೂರುತ್ತಲೇ ಇರಲಿಲ್ಲ. ಈಜುಕೊಳದಲ್ಲೂ ನೀರು ಜಿನುಗುತ್ತಿತ್ತು, ಆದರೆ ಅದು ಉಗುರುಬೆಚ್ಚಗಿನ ನೀರು, ಮೂಗಿನಿಂದ ಊದಿ ಹೊರಹಾಕುತ್ತಿದ್ದೆ. ಇಲ್ಲಿ ಹಿಮದಂಥ ನೀರು ಮೂಗಿಗೆ ತಾಕಿದ್ದೇ ತಡ, ಉಸಿರೇ ಕಟ್ಟಿತು. ಉಸಿರು ಹಿಡಿದು ಒಮ್ಮೆಲೇ ಏರಿದರೆ ಶ್ವಾಸಕೋಶ ಒಡೆದೀತೆಂದು ಕಲಿತದ್ದೆಲ್ಲ ಮರೆತು ಮೇಲಕ್ಕೆ ಚಿಮ್ಮಿದೆ. ಟ್ರೇನರ್ ಡೆಬ್ಬಿ ನನ್ನ ಕಾಲು ಹಿಡಿದು ನಿಲ್ಲಿಸಿ, ನಿಧಾನಕ್ಕೆ ಮೇಲೆ ತಂದಳು.

ಡೆಬ್ಬಿಗೆ ಅರವತ್ತಮೂರು, ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದವಳು. ದಡದಲ್ಲಿ ಕತ್ತರಿ ತಂದು ಮೀಸೆಯ ಮೇಲಂಚನ್ನು ಸವರಿದಳು. ಮತ್ತೆ ಇಳಿದೆ, ಮತ್ತೆ ಅದೇ ಕಥೆ. ನಾಳೆ ಮೇಲ್ದುಟಿ ನುಣ್ಣಗೆ ಬೋಳಿಸಿಕೊಂಡು ಬಾ, ಇಲ್ಲವಾದರೆ ಮುಂದಿನ ಕ್ಲಾಸು ಸೆಪ್ಟೆಂಬರಿಗೆ ಎಂದಳು. ಸೆಪ್ಟೆಂಬರ್ ಎಂದರೆ ಜುಲೈನ ಹಡಗು ಕೈಬಿಟ್ಟಂತೆಯೇ. ಶಾಂಭವಿ ನೀರಿಗಿಳಿಯುತ್ತಾಳೆ, ನಾನು ದೋಣಿಯಲ್ಲಿ ಕೂತು ಅವಳ ಚಪ್ಪಲಿ ಕಾಯಬೇಕು.

ಬೋಳಿಸಲು ಏನು ಕಷ್ಟ ಅನ್ನಬಹುದು. ನಮ್ಮ ಗದಗಿನ ಕಡೆ, ನಮ್ಮ ಮನೆತನದಲ್ಲಿ, ಮಗ ಮೀಸೆ ತೆಗೆಯುವುದು ಅಪ್ಪ ಸತ್ತಾಗ ಮಾತ್ರ. ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದ ನನ್ನ ಎಪ್ಪತ್ತೊಂಬತ್ತರ ಅಪ್ಪ, ಧೋತರದ ಮೇಲೆ ಚಳಿಯ ಜಾಕೀಟು ತೊಟ್ಟು, ಅಲ್ಲೇ ದಡದಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದರು.

"ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಿಲ್ಲ ನೋಡ್ರಿ," ಎಂದು ಶಾಂಭವಿ ಕಾರಿನಲ್ಲಿ ಕಿಚಾಯಿಸಿದಳು.

"ಸುಮ್ಮನ ಡ್ರೈವ್ ಮಾಡು," ಎಂದು ರೇಗಿದೆ. ನಿಜಕ್ಕೂ ಅಳು ಬರುವಂತಾಗಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಭಾನುವಾರ ಬೆಳಗ್ಗೆ ಆರಕ್ಕೆ ಅಡುಗೆಮನೆಗೆ ಬಂದರೆ, ಅಪ್ಪ ಬಿಸಿನೀರಿನ ಮಗ್ಗು, ಸೋಪು, ನನ್ನದೇ ರೇಜರು ಹಿಡಿದು ನಿಂತಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ದನಿಯಲ್ಲಿ ಇನ್ನೂ ಸೀಟಿಯ ಸದ್ದಿದೆ.

"ಕುಂದರು."

"ಬ್ಯಾಡ್ರಿ ಅಪ್ಪಾ. ಸೆಪ್ಟೆಂಬರದಾಗ ನೋಡೋಣು."

"ಸೆಪ್ಟೆಂಬರದಾಗ ಮೀಸಿ ತಾನ ಉದುರತೈತೇನು?"

"ಊರಾಗ ಗೊತ್ತಾದ್ರ ಮಂದಿ ಏನಂದಾರು?"

"ಅಪ್ಪ ಸತ್ರ ಮಗಾ ಬೋಳಸತಾನ. ಇಲ್ಲೆ ಅಪ್ಪನ ನಿಂತು ಬೋಳಸಾಕತ್ತಾನ. ಯಾವ ಶಾಸ್ತ್ರದಾಗ ಬ್ಯಾಡಂದಾರ, ತೋರಸು ನೋಡೂಣು. ಮಾರಿ ಎತ್ತು."

ಮುಖ ಎತ್ತಿದೆ. ಎರಡೇ ನಿಮಿಷದಲ್ಲಿ ಇಪ್ಪತ್ತೆಂಟು ವರ್ಷದ ಸೊಕ್ಕು ಪೇಪರ್ ಟವಲಿನಲ್ಲಿ ಬಿದ್ದಿತ್ತು. ಕೋಣೆಯಿಂದ ಬಂದ ಶಾಂಭವಿ ಬಾಗಿಲಲ್ಲೇ ನಿಂತು, "ಯಾರ್ರಿ ನೀವು? ನಮ್ಮ ಮನ್ಯಾಗ ನಿಮಗೇನ ಕೆಲಸ?" ಎಂದು ಕೇಳಿದಳು. ಅಪ್ಪ ಬಿದ್ದು ಬಿದ್ದು ನಕ್ಕರು.

ಕ್ವಾರಿಯ ದಡದಲ್ಲಿ, "ಇಪ್ಪತ್ತು ನಿಮಿಷದಾಗ ಬರತೇನ್ರಿ," ಎಂದು ಅಪ್ಪನಿಗೆ ಹೇಳಿ ಇಳಿದೆ. ಬೋಳು ತುಟಿಗೆ ತಣ್ಣೀರು ಸೂಜಿ ಚುಚ್ಚಿದಂತಾಯಿತು. ಆದರೆ ಮಾಸ್ಕು ಕಚ್ಚಿಕೊಂಡಿತು! ಹತ್ತು ಅಡಿ. ಮೂಗಿಗೆ ನೀರಿಲ್ಲ. ಹದಿನೈದು ಅಡಿಗೆ ಫ್ರಿಜ್ಜಿನ ಬಾಗಿಲು ತೆರೆದಂತೆ ಚಳಿ ಏರಿಬಂತು. ಆಗಲೂ ಒಂದು ಹನಿಯಿಲ್ಲ. ಉಸಿರೆಳೆದೆ, ಬಿಟ್ಟೆ, ಎಳೆದೆ. ಇಷ್ಟೇನಾ ಅನ್ನಿಸಿತು. ಹಸಿರು ನೀರಿನೊಳಗೆ ಅಂಗೈಯಗಲದ ಮೀನುಗಳು ನನ್ನ ಮೂತಿಯ ಹತ್ತಿರ ಬಂದು ನಿಂತು ನೋಡಿದವು. ಇಪ್ಪತ್ತೆಂಟು ಅಡಿಯಲ್ಲಿ, ಎಂದೋ ಬಿಟ್ಟುಹೋದ ಒಂದು ಲಾರಿ. ಅದರ ಸ್ಟೀರಿಂಗನ್ನು ಕೈಯಾರೆ ಹಿಡಿದೆ. ಖುಷಿ ತಡೆಯಲಾರದೆ ನಳಿಕೆ ಕಚ್ಚಿಕೊಂಡೇ ಕೂಗಿದೆ. ಗುಳ್ಳೆಗಳೆದ್ದವು. ಶಾಂಭವಿ ಎರಡೂ ಕೈ ಮೇಲೆತ್ತಿ ಕುಣಿದಳು. ಹಡಗು ಸಿಕ್ಕಿತು, ಜುಲೈ ನನ್ನದಾಯಿತು ಎಂದು ಎದೆ ಹಾರುತ್ತಿತ್ತು. ಸಿಲಿಂಡರಿನಲ್ಲಿ ಗಾಳಿ ಸಾಕಷ್ಟಿದ್ದುದನ್ನು ನೋಡಿ, ಡೆಬ್ಬಿ ಲಾರಿಗೆ ಇನ್ನೊಂದು ಸುತ್ತು ಹೊಡೆಸಿದಳು. ನಾವು ಮೇಲೆ ಬರುವಾಗ ಮೂವತ್ತೊಂದು ನಿಮಿಷವಾಗಿತ್ತು.

ತಲೆ ಹೊರಗೆ ಹಾಕಿದರೆ, ದಡದ ಕುರ್ಚಿ ಖಾಲಿ. ಅಪ್ಪ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಾರೆ. ಧೋತರ ನೀರಿನ ಮೇಲೆ ತೇಲುತ್ತಿದೆ. ಬೇರೆ ಗುಂಪಿನ ಒಬ್ಬ ಅವರ ತೋಳು ಹಿಡಿದು, ಹೊರಗೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಬೇಡುತ್ತಿದ್ದಾನೆ. ಅಪ್ಪ ಅವನನ್ನು ಕೊಡವಿ ಇನ್ನೊಂದು ಹೆಜ್ಜೆ ಮುಂದಿಟ್ಟರು.

"ಅಪ್ಪಾ! ಇಲ್ಲೇ ಅದೀನ್ರಿ!"

ತಿರುಗಿ ನೋಡಿದರು. ನಾನು ಹತ್ತಿರ ಬರುತ್ತಲೇ ಮಾಸ್ಕನ್ನು ಕಿತ್ತು, ಮರಗಟ್ಟಿದ ಬೆರಳಿನಿಂದ ನನ್ನ ಮೇಲ್ದುಟಿ ಮುಟ್ಟಿದರು.

"ಇಪ್ಪತ್ತು ನಿಮಿಷ ಅಂದಿದ್ದಿ," ಎಂದರು. ಡ್ರಿಲ್ ಮಾಸ್ತರರ ದನಿಯಲ್ಲಿ ಸೀಟಿಯಿರಲಿಲ್ಲ. "ನಾ ಏನ್ ಮಾಡಿಬಿಟ್ಟೆ ಅಂದ್ಕೊಂಡೆ. ನನ್ನ ಕೈಯಾರೆ ಬೋಳಿಸಿ ಕಳಿಸಿನಿ..."

ಬೆಳಗ್ಗೆ ಶಾಸ್ತ್ರ ತೋರಿಸು ಎಂದು ಗದರಿಸಿದ್ದ ಮನುಷ್ಯ, ದಡದ ಮೇಲೆ ಆ ಹೆಚ್ಚಿನ ಹನ್ನೊಂದು ನಿಮಿಷವನ್ನು ಹೇಗೆ ಕಳೆದಿರಬೇಕು ಎಂಬುದು ಆಗ ನನಗೆ ತಿಳಿಯಿತು. ಸಿಲಿಂಡರಿನ ಸಮೇತ ಅವರನ್ನು ತಬ್ಬಿಕೊಂಡೆ.

"ಒಂದು ಹನಿನೂ ಒಳಗ ಬರಲಿಲ್ಲರಿ ಅಪ್ಪಾ," ಎಂದೆ.

ಅವರು ಮುಖ ಒರೆಸಿಕೊಂಡರು. "ಮತ್ತ ಇಳಿಯೋದೈತೇನು?"

"ಒಂದು ತಾಸು ಬಿಟ್ಟು ಇನ್ನೊಮ್ಮೆ ಐತ್ರಿ."

"ಹಂಗಾರ ನಾ ಇಲ್ಲೇ ನಿಂತಿರತೇನಿ," ಎಂದು ನೀರಿನಲ್ಲಿ ಕಾಲೂರಿದರು. ನಾನು, ಶಾಂಭವಿ, ಡೆಬ್ಬಿ ಮೂವರೂ ಸೇರಿ ಅವರನ್ನು ದಡಕ್ಕೆ ಎತ್ತಿಕೊಂಡು ಬರಬೇಕಾಯಿತು.