ಗಂಗಹನುಮಯ್ಯನ ಸಾಕ್ಷಿ

ಚಿಕ್ಕಹನುಮಕ್ಕ ಗಂಡನ ದವಡೆಯ ಕೆಳಗೆ ಬಿಳಿ ಬಟ್ಟೆ ಹಾಯಿಸಿ ನೆತ್ತಿಯ ಮೇಲೆ ಗಂಟು ಬಿಗಿದಳು. ಕೈ ತೆಗೆದದ್ದೇ ತಡ, ಬಾಯಿ ಮತ್ತೆ ತೆರೆದುಕೊಂಡಿತು.

"ಇನ್ನೊಂಚೂರು ಬಿಗಿಯಾಗಿ ಕಟ್ಟಕ್ಕ. ನೊಣ ಹೋಯ್ತದೆ," ಎಂದಳು ತಲೆ ಹಿಡಿದುಕೊಂಡಿದ್ದ ಜುಂಜಮ್ಮ.

"ಎಲ್ಲಿ ನಿಲ್ತದೆ ಜುಂಜಮ್ಮ. ಬದುಕಿದ್ದಾಗ್ಲೇ ಮುಚ್ಚಿದ ಬಾಯಲ್ಲ ಇದು."

ಜುಂಜಮ್ಮ ಪಕ್ಕದ ಮನೆಯವಳು. ಕುರಿ ಮೇಯಿಸುವ ಮನೆತನ, ಪ್ರಾರ್ಥನೆ ಸಭೆಗಳ ಗೊಡವೆ ಇಲ್ಲದವಳು. ಆದರೂ ಬೆಳಕು ಹರಿಯುವ ಮೊದಲೇ ಬಂದು ಹೆಣಕ್ಕೆ ನೀರು ಹಾಕಲು ನಿಂತಿದ್ದಳು. ಸಭೆಯ ಹೆಂಗಸರೂ ಬಂದಿದ್ದರು. ಅವರು ಹೊರಗೆ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಹಾಡುತ್ತಿದ್ದರು. ಕಾಲಿನ ಹುಣ್ಣಿನ ನಾತಕ್ಕೆ ಒಳಗೆ ಬರಲು ಅವರಲ್ಲಿ ಯಾರಿಗೂ ಮನಸ್ಸಾಗಿರಲಿಲ್ಲ. ಪಾಸ್ಟರ ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತು ಒಂದು ಸೆಂಟಿನ ಬಾಟಲಿ ಕೊಟ್ಟು ಹೋಗಿದ್ದಳು. ಹನುಮಕ್ಕ ಅದರಲ್ಲಿ ಅರ್ಧದಷ್ಟು ಹೆಣದ ಮೇಲೆ ಸುರಿದಿದ್ದಳು. ಈಗ ಹುಣ್ಣಿನ ನಾತ, ಸೆಂಟಿನ ವಾಸನೆ ಎರಡೂ ಬೆರೆತು ಮನೆಯೊಳಗೆ ನಿಂತಿದ್ದವು.

ಸಕ್ಕರೆ ಕಾಯಿಲೆಯಿಂದ ಕೊಳೆತ ಆ ಕಾಲನ್ನು ಅವಳು ತಿಂಗಳುಗಟ್ಟಲೆ ತೊಳೆದಿದ್ದಳು. ಕೀವು ಒರೆಸುವಾಗ ಒಂದು ದಿನವೂ ಹೇಸಿಗೆಪಟ್ಟವಳಲ್ಲ. ಹೇಸಿಗೆಯಾಗುತ್ತಿದ್ದುದು ಅವನು ಮಾತಾಡಲು ಬಾಯಿ ತೆರೆದಾಗ.

ಪಾಸ್ಟರ್ ರಂಗೇಶ್ ಕರವಸ್ತ್ರವನ್ನು ಮೂಗಿಗೆ ಹಿಡಿದು ಒಳಗೆ ಇಣುಕಿದರು. ಇನ್ನೂ ಎಳೆಯ ವಯಸ್ಸು. ಸಿರಾದಿಂದ ಕಾರಿನಲ್ಲಿ ಎರಡು ದೊಡ್ಡ ಸ್ಪೀಕರ್ ತಂದಿದ್ದರು.

"ಅಮ್ಮ, ಇವತ್ತು ದೇವರನ್ನ ಅರಿಯದ ಜನ ಬಹಳ ಬರ್ತಾರೆ. ಅಂಕಲ್ ಅವರ ಸಾಕ್ಷಿ ನನ್ನ ಫೋನಲ್ಲಿದೆ, ಅದನ್ನ ಹಾಕ್ತೀವಿ. ಆಮೇಲೆ ನೀವು ಮೈಕಲ್ಲಿ ಒಂದೇ ಮಾತು ಹೇಳಿ. 'ನನ್ನ ಗಂಡನನ್ನ ನಾನು ಕ್ಷಮಿಸಿದ್ದೀನಿ' ಅಂತ. ಅಷ್ಟೇ ಸಾಕು."

"ಸಾಕ್ಷಿ ಹಾಕ್ಬ್ಯಾಡಿ ಅಯ್ಯನೋರೇ. ವನಜಾಕ್ಷಿ ಬತ್ತಾವ್ಳೆ."

"ಮಗಳು ಕೇಳಲೇಬೇಕಮ್ಮ. ಕಲ್ಲಾದ ಮನಸ್ಸು ಅದರಿಂದ್ಲೇ ಕರಗೋದು," ಎಂದು ಪಾಸ್ಟರ್ ಉಸಿರು ಬಿಗಿಹಿಡಿದೇ ಹೊರಗೆ ಹೋದರು.

ವನಜಾಕ್ಷಿ ಅವಳ ಒಬ್ಬಳೇ ಮಗಳು. ಈ ಮನೆಯ ಹೊಸಿಲು ತುಳಿಯದೆ ಎಷ್ಟೋ ವರ್ಷಗಳಾಗಿದ್ದವು. ಅವಳ ಎದುರಿಗೆ ಮೈಕ್ ಹಿಡಿದು ಆ ಮಾತು ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಹೇಳದಿದ್ದರೆ ಸಭೆಯವರು ಸುಮ್ಮನಿರುವುದಿಲ್ಲ. ನಾಳೆಯಿಂದ ಒಂಟಿಯಾಗಿ ಬದುಕಬೇಕಾದವಳಿಗೆ ಕಾಯಿಲೆ ಕಸಾಲೆಯಲ್ಲಿ ಆಗಬೇಕಾದವರು ಅವರೇ. ಹನುಮಕ್ಕ ಎರಡನ್ನೂ ತೂಗಿ ನೋಡಿದಳು, ಏನೂ ತೋಚದೆ ದವಡೆಯ ಗಂಟನ್ನು ಮತ್ತೊಮ್ಮೆ ಬಿಗಿದಳು.

*

ಮೊದಲ ಸಲ ಅವನು ಸಾಕ್ಷಿ ಹೇಳಿದ ದಿನ ಹನುಮಕ್ಕ ನಿಜವಾಗಿಯೂ ಅತ್ತಿದ್ದಳು. ಸಾಕ್ಷಿ ಎಂದರೆ, ತಾನು ಮೊದಲು ಎಂಥ ಪಾಪಿಯಾಗಿದ್ದೆ, ದೇವರು ತನ್ನನ್ನು ಹೇಗೆ ತೊಳೆದ ಎಂದು ಸಭೆಯ ಎದುರು ನಿಂತು ಹೇಳಿಕೊಳ್ಳುವುದು. "ಕುಡೀತಿದ್ದೆ. ಹೆಂಡ್ತಿಗೆ ಹೊಡೀತಿದ್ದೆ. ತಪ್ಪಾಯ್ತು," ಎಂದಷ್ಟೇ ಹೇಳಿ ಗಂಗಹನುಮಯ್ಯ ಕುಳಿತುಬಿಟ್ಟಿದ್ದ. ಅವತ್ತಿನಿಂದ ಅವನು ಕುಡಿಯಲಿಲ್ಲ, ಅವಳ ಮೇಲೆ ಕೈ ಎತ್ತಲಿಲ್ಲ. ಅದು ಸುಳ್ಳಲ್ಲ. ಮಾತನ್ನು ಅಲ್ಲಿಗೇ ನಿಲ್ಲಿಸಿದ್ದರೆ ಅವಳು ಅವನ ಜೊತೆ ನೆಮ್ಮದಿಯಾಗಿ ಬಾಳುತ್ತಿದ್ದಳೋ ಏನೋ.

ಆದರೆ ಸಾಕ್ಷಿ ಬೆಳೆಯಿತು. ಮಧುಗಿರಿಯವರು ಕರೆದರು, ಕೊರಟಗೆರೆಯವರು ಕರೆದರು. ಜನ ಯಾವ ಮಾತಿಗೆ ಕಣ್ಣೀರು ಹಾಕುತ್ತಾರೆ ಎಂದು ಅವನಿಗೆ ಬೇಗ ತಿಳಿಯಿತು. ಹೊಡೆದದ್ದು ಹೋಗಿ ಬೀದಿಯಲ್ಲಿ ಎಳೆದಾಡಿದ್ದಾಯಿತು. ಆಮೇಲೆ ಸೀರೆ ಬಿಚ್ಚಿ ನಿಲ್ಲಿಸಿದ್ದಾಯಿತು. ಪಾವಗಡದ ಸಭೆಯಲ್ಲಿ, ಒಂದು ಬಾಟಲಿಗಾಗಿ ಅವಳನ್ನು ಬೇರೆಯವನ ಮನೆಗೆ ಕಳಿಸಿದ್ದೆ ಎಂದೂ ಹೇಳಿದ. ಹಾಗೆ ನಡೆದೇ ಇರಲಿಲ್ಲ. ಜನ ಎದ್ದು ನಿಂತು ಸ್ತೋತ್ರ ಹೇಳಿದರು. ಪಾಪ ದೊಡ್ಡದಾದಷ್ಟೂ ಅದನ್ನು ತೊಳೆದ ದೇವರೂ ದೊಡ್ಡವನಾಗುತ್ತಾನಲ್ಲ, ಅವನ ವ್ಯಾಪಾರ ಜೋರಾಗಿಯೇ ನಡೆಯಿತು.

ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. "ಇವಳೇ ಆ ನನ್ನ ಹೆಂಡತಿ" ಎಂದು ಅವನು ಕೈ ತೋರಿಸಿದಾಗ ಎಲ್ಲರೂ ಕತ್ತು ಚಾಚುತ್ತಿದ್ದರು. ಮುಗಿದ ಮೇಲೆ ಹೆಂಗಸರು ಸುತ್ತುಗಟ್ಟಿ, ಸೆರಗು ಸರಿಸಿ, ಮೊಳಕೈ ಮೇಲಿದ್ದ ಸುಟ್ಟ ಕಲೆಯನ್ನು ಸವರುತ್ತಿದ್ದರು. "ಅವರು ಕೊಳ್ಳಿ ಇಟ್ಟಿದ್ದು ಇಲ್ಲೇ ಅಲ್ವಾಮ್ಮ?" ಅದು ಮುದ್ದೆ ತಿರುವುವಾಗ ಎಸರು ಬಿದ್ದು ಆದ ಕಲೆ. ಹನುಮಕ್ಕ ಸುಮ್ಮನೆ ತೋಳು ಕೊಟ್ಟು ಕೂತಿರುತ್ತಿದ್ದಳು.

ಮನೆಗೆ ಬಂದು ಒಮ್ಮೆ ಕೇಳಿದ್ದಳು. "ನಡೀದೇ ಇದ್ದಿದ್ನ ಯಾಕ್ ಹೇಳ್ತೀರ? ನಂಗೆ ಮಾನ ಇಲ್ವಾ?"

"ನಿಂಗರ್ಥ ಆಗಲ್ಲ ಕಣೆ. ನಾನು ಎಷ್ಟು ಕೀಳಾಯ್ತೀನೋ ದೇವರಿಗೆ ಅಷ್ಟು ಮಹಿಮೆ," ಎಂದಿದ್ದ ಗಂಗಹನುಮಯ್ಯ. ಕೀಳಾಗುತ್ತಿದ್ದವರು ಯಾರು ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

*

ವನಜಾಕ್ಷಿ ಬಂದಾಗ ಹೆಣವನ್ನು ಪೆಟ್ಟಿಗೆಯಲ್ಲಿಟ್ಟು ಶಾಮಿಯಾನದ ನಡುವೆ ತಂದಿಟ್ಟಿದ್ದರು. ವಳ್ಳೂರಿನಿಂದ ಪಾವಗಡಕ್ಕೆ ಬಂದು, ಅಲ್ಲಿಂದ ಬರಗೂರಿಗೆ ಬಸ್ಸು ಹಿಡಿದು, ಉಳಿದ ದಾರಿಯನ್ನು ನಡೆದು ಬಂದಿದ್ದಳು. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್‌ಗಳ ಕೆಳಗೆ ಹುಲ್ಲು ಕೀಳುವ ಕೆಲಸ ಅವಳದು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಬೇವಿನ ಮರದಡಿ ಕೂತಿದ್ದ ಚಿಕ್ಕಪ್ಪ ಅಡವಯ್ಯ ಅವಳನ್ನು ಕಂಡು ಎದ್ದ. ಅವನು ಸಭೆಗೆ ಸೇರಿದವನಲ್ಲ.

"ಬಂದ್ಯಾ ಮಗಳೇ. ನೋಡು ನಮ್ಮಣ್ಣನ ಗತಿಯ. ಒಂದು ತಮಟೆ ಇಲ್ಲ, ಒಂದು ಎಡೆ ಇಲ್ಲ. ಪೆಟ್ಟಿಗೇಲಿ ಮಲಗಿಸ್ಕೊಂಡು ಹಾಡು ಹೇಳ್ತಾವ್ರೆ."

"ಪೋನೀ, ಇರ್ಲಿ ಬುಡು ಚಿಕ್ಕಪ್ಪ. ಆಯಪ್ಪಂಗೆ ಬೇಕಾಗಿದ್ದೂ ಅದೇ," ಎಂದಳು ವನಜಾಕ್ಷಿ. ಅಪ್ಪ ಎನ್ನುವ ಅಭ್ಯಾಸ ಅವಳಿಗೆ ಯಾವತ್ತೋ ತಪ್ಪಿಹೋಗಿತ್ತು.

ಅವಳು ಪೆಟ್ಟಿಗೆಯೊಳಗೆ ಒಂದು ಸಲ ನೋಡಿ, ಆಚೆ ಬದಿಗೆ ಹೋಗಿ ಚಾಪೆಯ ಮೇಲೆ ಕೂತಳು. ಕಣ್ಣಲ್ಲಿ ನೀರಿರಲಿಲ್ಲ. ಹನುಮಕ್ಕ ಪಕ್ಕಕ್ಕೆ ಬಂದು, "ಏನಾದ್ರೂ ತಿಂದ್ಯೇನವ್ವ," ಎಂದಳು. ಮಗಳು ತಿರುಗಲಿಲ್ಲ. ಮತ್ತೊಮ್ಮೆ ಕೇಳಿದ ಮೇಲೆ ತಿರುಗಿದಳು.

"ಏನಂದೆ? ಈ ಕಡೆ ಬಂದು ಹೇಳಮ್ಮ. ಬಲಗಿವಿ ಕೇಳ್ಸಲ್ಲ ನಂಗೆ."

ಹನುಮಕ್ಕನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎಡಕ್ಕೆ ಸರಿದು ಕೂತಳು. "ಎರಡು ದಿನ ಇದ್ದು ಹೋಗು ಅಂದೆ," ಎಂದಳು, ಕೇಳಿದ್ದನ್ನು ಬಿಟ್ಟು.

"ಇದ್ದು? ನೀನೂ ಮೈಕಲ್ಲಿ ಹೇಳ್ತೀಯಂತೆ, ಕ್ಷಮಿಸ್ಬುಟ್ಟೆ ಅಂತ. ಅಲ್ಲಿ ಆ ಹೆಂಗಸ್ರು ಮಾತಾಡ್ಕೊಳ್ತಿದ್ರು. ಹೇಳು, ಬೇಡ ಅನ್ನಲ್ಲ. ನೀನು ಎದ್ದು ನಿಂತೇಟ್ಗೆ ನಾನು ಬಸ್ಸಿಗೆ ಹೋಯ್ತೀನಿ. ಅದನ್ನ ನಾನು ಕೂತ್ಕೊಂಡು ಕೇಳಲ್ಲ."

*

ವನಜಾಕ್ಷಿ ಗಂಡನ ಮನೆಯಿಂದ ಓಡಿಬಂದ ಹೊತ್ತಿಗೆ ಗಂಗಹನುಮಯ್ಯ ಸಭೆಯ ಹಿರಿಯನಾಗಿದ್ದ. ಅವಳು ಸೆರಗನ್ನು ಬಲಗಿವಿಗೆ ಒತ್ತಿ ಹಿಡಿದು ಒಳಗೆ ಬಂದಳು. ಸೆರಗು ರಕ್ತದಿಂದ ಗಟ್ಟಿಯಾಗಿತ್ತು.

"ಇನ್ನ ಅಲ್ಲಿಗೆ ಹೋಗಲ್ಲಪ್ಪ. ಇಲ್ಲೇ ಒಂದು ಮೂಲೇಲಿ ಬಿದ್ದಿರ್ತೀನಿ," ಎಂದಳು.

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದ. ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. "ನಿಮ್ಮಮ್ಮ ಸಹಿಸ್ಕೊಂಡ್ಳು. ಅದಕ್ಕೇ ದೇವರು ನನ್ನ ತಿರುಗಿಸ್ದ. ನೀನೂ ಸಹಿಸ್ಕೋ, ಕ್ಷಮಿಸು. ನಿನ್ ಗಂಡನೂ ಒಂದಿನ ಸಾಕ್ಷಿ ಹೇಳ್ತಾನೆ," ಎಂದ. ಆ ಭಾನುವಾರ ಕೊರಟಗೆರೆಯಲ್ಲಿ ದೊಡ್ಡ ಸಭೆಯಿತ್ತು. ಗಂಡನನ್ನು ಬಿಟ್ಟುಬಂದ ಮಗಳನ್ನು ಮನೆಯಲ್ಲಿಟ್ಟುಕೊಂಡು ಅಲ್ಲಿ ಯಾವ ಮುಖದಲ್ಲಿ ನಿಲ್ಲುವುದು ಎಂಬುದೇ ಅವನ ಚಿಂತೆ. ಮಧ್ಯಾಹ್ನದ ಬಸ್ಸಿಗೆ ತಾನೇ ಕರೆದುಕೊಂಡು ಹೋಗಿ ಬಿಟ್ಟುಬಂದ.

ಹೊರಡುವಾಗ ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಹನುಮಕ್ಕ ಇರು ಎನ್ನಲಿಲ್ಲ. ರಾಗಿ ರೊಟ್ಟಿ, ಕಡ್ಲೆಕಾಯಿ ಚಟ್ನಿಯ ಬುತ್ತಿ ಕಟ್ಟಿ ಕೈಗಿಟ್ಟಳು.

ಆ ಕಿವಿ ಮತ್ತೆ ಕೇಳಿಸಲಿಲ್ಲ. ಕೆಲವು ವರ್ಷಗಳ ಮೇಲೆ ವನಜಾಕ್ಷಿ ಯಾರನ್ನೂ ಕೇಳದೆ ಗಂಡನನ್ನು ಬಿಟ್ಟು ವಳ್ಳೂರಿನಲ್ಲಿ ಬೇರೆ ಮನೆ ಮಾಡಿದಳು. ಗಂಗಹನುಮಯ್ಯನ ಸಾಕ್ಷಿಯಲ್ಲಿ ಇದರ ಸುದ್ದಿ ಎಲ್ಲೂ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಸಾಕ್ಷಿಯಲ್ಲಿ ಪಾಪವೆಲ್ಲ ದೇವರು ತೊಳೆಯುವ ಮೊದಲಿನದು, ಇದು ತೊಳೆದ ಮೇಲೆ ಮಾಡಿದ್ದು.

ಹೋದ ವಾರ ಪಾಸ್ಟರ್ ಬಂದು ಅವನಿಂದ ಕಡೆಯ ಪಶ್ಚಾತ್ತಾಪದ ಪ್ರಾರ್ಥನೆ ಮಾಡಿಸಿದರು. "ಕರ್ತನೇ, ನಾನು ಪಾಪಿ. ನನ್ನನ್ನು ಕ್ಷಮಿಸು. ನಿನ್ನ ರಕ್ತದಲ್ಲಿ ನನ್ನನ್ನು ತೊಳೆ." ಪಾಸ್ಟರ್ ಒಂದೊಂದೇ ಮಾತು ಹೇಳಿಕೊಟ್ಟರು, ಅವನು ತಿರುಗಿ ಹೇಳಿದ. ಕಾಲಿಗೆ ಬಟ್ಟೆ ಸುತ್ತುತ್ತಿದ್ದ ಹನುಮಕ್ಕ ಕೈ ನಿಲ್ಲಿಸಿ ಕಿವಿಗೊಟ್ಟಳು. ಕುಡಿದದ್ದು ಬಂತು, ಹೊಡೆದದ್ದು ಬಂತು, ನಡೆಯದೇ ಇದ್ದದ್ದೂ ಬಂತು.

"ಮನಸ್ಸಲ್ಲಿ ಇನ್ನೇನಾದ್ರೂ ಉಳಿದಿದ್ಯಾ ಅಂಕಲ್? ದೇವರ ಮುಂದೆ ಮುಚ್ಚಿಡಬೇಡಿ."

ಅವನು ಕಣ್ಣು ಮುಚ್ಚಿ ಯೋಚಿಸಿದ. ಹನುಮಕ್ಕ ಅವನ ತುಟಿಯನ್ನೇ ನೋಡಿದಳು. ವನಜಾಕ್ಷಿಯ ಹೆಸರು ಒಂದು ಸಲ ಬಂದರೆ ಸಾಕಿತ್ತು, ಎಲ್ಲ ಮರೆತು ಅವನ ಕಾಲ ಹತ್ತಿರ ಕೂತು ಅತ್ತುಬಿಡುತ್ತಿದ್ದಳು.

"ಐತೆ ಅಯ್ಯನೋರೇ," ಎಂದ ಗಂಗಹನುಮಯ್ಯ, ಕಣ್ಣಲ್ಲಿ ನೀರು ತುಂಬಿಕೊಂಡು. "ಉಪವಾಸದ ಪ್ರಾರ್ಥನೇಲಿ ಒಂದ್ಸಲ ನಿದ್ದೆ ಮಾಡ್ಬುಟ್ಟಿದ್ದೆ."

ಪಾಸ್ಟರ್ ಮುಗುಳ್ನಕ್ಕು ಅವನ ಹಣೆ ಮುಟ್ಟಿದರು. "ದೇವರು ಎಲ್ಲಾನೂ ಕ್ಷಮಿಸಿದ್ದಾನೆ ಅಂಕಲ್. ಒಂದೂ ಉಳಿದಿಲ್ಲ."

ಹನುಮಕ್ಕ ಕೀವಿನ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ ವಾಂತಿ ಮಾಡಿದಳು.

*

ಸತ್ತವನ ದನಿ ಸ್ಪೀಕರಿನಲ್ಲಿ ಗುಡುಗುತ್ತಿತ್ತು. ಕೂದಲು ಹಿಡಿದು ಎಳೆದದ್ದು ಮುಗಿದು ಸೀರೆಯ ಮಾತಿಗೆ ಬಂದಿತ್ತು. ಸಭೆಯ ಹೆಂಗಸರು ಕಣ್ಣೊರೆಸಿಕೊಂಡರು. ಕೇರಿಯ ಗಂಡಸರು ನೆಲ ನೋಡಿದರು.

"ಇದೆಲ್ಲ ಯಾವಾಗ ನಡೀತಕ್ಕ?" ಎಂದು ಜುಂಜಮ್ಮ ಹನುಮಕ್ಕನ ಕಿವಿಯಲ್ಲಿ ಕೇಳಿದಳು. "ಪಕ್ಕದ್ ಮನೇಲಿದ್ದ ನಂಗೇ ಗೊತ್ತಿಲ್ವಲ್ಲ."

"ತೂ," ಎಂದು ಅಡವಯ್ಯ ಪಕ್ಕಕ್ಕೆ ಉಗಿದ. "ಹೆಣದ ಮುಂದೆ ಇಂಥ ಮಾತಾ."

ದನಿ ನಿಂತಿತು. ಪಾಸ್ಟರ್ ಮೈಕ್ ಹಿಡಿದು, "ಈಗ ಸಹೋದರಿ ಚಿಕ್ಕಹನುಮಕ್ಕನವರು ಬಂದು ಎರಡು ಮಾತು ಹೇಳ್ತಾರೆ," ಎಂದರು. ಪೆಟ್ಟಿಗೆಯ ಆಚೆ ಬದಿಯಲ್ಲಿ ವನಜಾಕ್ಷಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು.

ಹನುಮಕ್ಕ ಮೈಕ್ ತೆಗೆದುಕೊಂಡಳು. ಅದು ಪಾಸ್ಟರ ಕೈಬೆವರಿಗೆ ಒದ್ದೆಯಾಗಿತ್ತು.

"ನಮ್ಮೆಜಮಾನ್ರು ನಂಗೆ ಹೊಡ್ದಿದ್ದು ನಾನು ಯಾವತ್ತೋ ಬುಟ್ಟೆ," ಎಂದಳು.

"ಸ್ತೋತ್ರ," ಎಂದಿತು ಸಭೆ. ವನಜಾಕ್ಷಿ ಬೆನ್ನು ತಿರುಗಿಸಿದಳು. ಪಾಸ್ಟರ್ ಮೈಕಿಗೆ ಕೈ ಚಾಚಿದರು. ಅವಳು ಕೊಡಲಿಲ್ಲ.

"ಇನ್ನೂ ಐತೆ ಅಯ್ಯನೋರೇ. ಮಗಳು ಕಿವೀಲಿ ರಕ್ತ ಸುರಿಸ್ಕೊಂಡು ಬಂದಾಗ ವಾಪಸ್ ಬುಟ್ಟುಬಂದ್ರಲ್ಲ, ಅದು ನಂಗೆ ಮಾಡಿದ್ದಲ್ಲ. ಅದನ್ನ ಕ್ಷಮಿಸ್ದೆ ಅನ್ನಾಕೆ ನಾನ್ಯಾರು."

"ಅಮ್ಮ, ಸಾಕು," ಎಂದು ಪಾಸ್ಟರ್ ಪಿಸುಗುಟ್ಟಿದರು. "ಮನೆ ವಿಷಯ ಇಲ್ಲಿ ಬೇಡ."

"ಇಷ್ಟೊತ್ತು ಕೇಳ್ಸಿದ್ದು ಯಾರ ಮನೆ ವಿಷ್ಯ?" ಎಂದ ಅಡವಯ್ಯ ಕೂತಲ್ಲಿಂದಲೇ.

ಹನುಮಕ್ಕ ಮೈಕಿನ ವೈರನ್ನು ಎಳೆದುಕೊಂಡು ಪೆಟ್ಟಿಗೆಯನ್ನು ಬಳಸಿ ನಡೆದಳು. ಮಗಳ ಎಡಗಡೆಗೆ ಹೋಗಿ ನಿಂತಳು. ಪ್ರಾರ್ಥನೆಯಲ್ಲಿ ಕಲಿತ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಅವತ್ತು ನಾನು ಇರು ಅನ್ಲಿಲ್ಲ ಕಣವ್ವ. ಬುತ್ತಿ ಕಟ್ಟಿ ಕಳಿಸ್ಬುಟ್ಟೆ. ತಪ್ಪಾಯ್ತು."

ವನಜಾಕ್ಷಿ ತಾಯಿಯ ಕಡೆಗೆ ತಿರುಗಿದಳು.

"ಆ ಬುತ್ತೀನ ಬಸ್ಸಿಂದ ಆಚೆ ಎಸ್ದೆ ಕಣಮ್ಮ," ಎಂದಳು. "ಹೋಗ್ಲಿ ಬುಡು ಅನ್ನಾಕೆ ನಂಗೆ ಆಗ್ತಿಲ್ಲ."

"ಹೂಂ. ಆಗ್ದಿದ್ರೆ ಅನ್ಬ್ಯಾಡ."

ಅವರಿಬ್ಬರ ಮಾತು ಸ್ಪೀಕರಿನಲ್ಲಿ ಬೀದಿಯ ಕೊನೆಯವರೆಗೂ ಕೇಳಿಸಿತು. ಆಮೆನ್ ಎನ್ನಬೇಕೋ ಬೇಡವೋ ಸಭೆಯವರಿಗೆ ತಿಳಿಯಲಿಲ್ಲ. ಪೆಟ್ಟಿಗೆ ಎತ್ತಲು ಬಂದವರು ಅದರ ಹಿಡಿಗಳ ಮೇಲೆ ಕೈಯಿಟ್ಟುಕೊಂಡು ಪಾಸ್ಟರ ಮುಖ ನೋಡಿದರು. ವನಜಾಕ್ಷಿ ಹೆಗಲಿನಿಂದ ಬ್ಯಾಗು ಇಳಿಸಿ ಇದ್ದಲ್ಲೇ ಕೂತಳು. ಹನುಮಕ್ಕ ಅವಳ ಪಕ್ಕ ನೆಲಕ್ಕೆ ಕೂತಳು. ಮೈಕು ಇಬ್ಬರ ನಡುವೆ ಮಣ್ಣಿನಲ್ಲಿ ಬಿದ್ದಿತ್ತು, ಅದನ್ನು ಆರಿಸುವುದು ಯಾರಿಗೂ ಹೊಳೆಯಲಿಲ್ಲ. ಎರಡು ದೊಡ್ಡ ಸ್ಪೀಕರುಗಳಿಂದ ಈಗ ಮೂಗೇರಿಸುವ ಸದ್ದು ಮಾತ್ರ ಬರುತ್ತಿತ್ತು. ಅದು ತಾಯಿಯದೋ ಮಗಳದೋ ಕೇಳುತ್ತಿದ್ದವರಿಗೆ ಗೊತ್ತಾಗುವಂತಿರಲಿಲ್ಲ.