ಇಳಿದು ಬಂದ ಚಿತ್ರ ಎಲ್ಲಿ?

ಮೂಳೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ಅವಳ ಮೈದುನ. ಹಳೆಯ ಚಿತ್ರಗಳನ್ನೆಲ್ಲ ಅವನು ಕ್ಲೌಡಿಗೆ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರುಗಳಿಗೆ ಸಾಗಿಸಿಬಿಟ್ಟಿದ್ದ. ಆವತ್ತು ದವಡೆ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದ.

ಬೆಳಿಗ್ಗೆ ಡಾಕ್ಟರಮ್ಮ ಬಂದು ಪರದೆಯ ಮೇಲೆ ಬೆರಳಿಟ್ಟರು. ಜಾರಿ ಬಿದ್ದು ಬಂದು ಹೊರಗೆ ಸ್ಟ್ರೆಚರಿನ ಮೇಲಿದ್ದ ಡ್ರಿಲ್ ಮೇಷ್ಟ್ರ ಸೊಂಟದ ಚಿತ್ರ ಅದು.

"ಈ ಗೆರೆ ನೋಡು. ಹೊಸ ಬಿರುಕಾದ್ರೆ ಇವತ್ತೇ ಆಪರೇಷನ್. ಹಿಂದೆ ಬಿದ್ದಾಗ ತೆಗೆದ ಚಿತ್ರದಲ್ಲೂ ಇದ್ರೆ ಹಳೇ ಕಲೆ, ಸುಮ್ನೆ ಕೊಯ್ಯೋದು ಬೇಡ. ಹಳೇದನ್ನ ತರಿಸು."

ಕ್ಲೌಡಿನಿಂದ ತರಿಸುವ ಪ್ರೋಗ್ರಾಮು ಮಾತ್ರ ಬೆಳಗಿನಿಂದ ಮುನಿಸಿಕೊಂಡು ಕೂತಿತ್ತು. ಅಕ್ಕ ಮೈದುನನಿಗೆ ಮೆಸೇಜು ಹಾಕಿದಳು. ದಂತವೈದ್ಯರ ಬಾಗಿಲಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಅವನು ಕಂಪ್ಯೂಟರಿಗೆ ಕೊಡುವ ಆಜ್ಞೆಯ ಒಂದು ಉದ್ದನೆಯ ಸಾಲನ್ನು ಅವಸರದಲ್ಲಿ ಕಳಿಸಿ, ಕೆಳಗೆ ಬರೆದ: "ಕಪ್ಪು ಪರದೆಯಲ್ಲಿ ಇದನ್ನ ಹಾಕಿ ಅತ್ತಿಗೆ. ಕಂಟೇನರ್ ಒಳಗೆ ಓಡುತ್ತೆ, ಗಾಬರಿ ಬೇಡ."

ಕಂಟೇನರ್ ಅಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಸಾಲು ಹಾಕಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಅಕ್ಷರಗಳು ಸರಸರನೆ ಓಡಿ ಕೊನೆಗೆ 'ಡೌನ್‌ಲೋಡ್ ಮುಗಿಯಿತು' ಎಂದು ನಿಂತವು. ನಿರಾಳವಾಗಿ ಫೋಲ್ಡರ್ ತೆರೆದರೆ ಖಾಲಿ! ಡೆಸ್ಕ್‌ಟಾಪ್ ನೋಡಿದಳು, ಕಸದ ಬುಟ್ಟಿಯನ್ನೂ ಜಾಲಾಡಿದಳು. ಎಲ್ಲೂ ಇಲ್ಲ. ಮತ್ತೆ ಸಾಲು ಹಾಕಿದರೆ, ಅವಳ ಮುಖವನ್ನೇ ಕಂಡಿಲ್ಲವೆಂಬಂತೆ ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಅದೇ 'ಮುಗಿಯಿತು', ಮತ್ತೆ ಖಾಲಿ. ತನ್ನ ಕಣ್ಣೇ ಕೆಟ್ಟಿತೇ ಅಂತ ಕನ್ನಡಕ ಒರೆಸಿಕೊಂಡಳು.

"ಏನಮ್ಮಾ, ನನ್ನ ಸೊಂಟ ಸಿಕ್ತಾ?" ಮೇಷ್ಟ್ರು ಹೊರಗಿನಿಂದ ಕೂಗಿದರು. ಆಪರೇಷನ್ನಿಗೆಂದು ಹನಿ ನೀರೂ ಕುಡಿಯದೆ ಮಲಗಿದ್ದರು. "ಹೊಟ್ಟೆ ತಾಳ ಹಾಕ್ತಿದೆ."

"ಬಂದಿದೆ ಸಾರ್. ಆದ್ರೆ... ಇಲ್ಲ."

"ಬಂದಿದೆಯೋ ಇಲ್ವೋ?"

ಅದು ಅವಳಿಗೇ ತಿಳಿಯದು. ಮೈದುನನಿಗೆ ಫೋನು ಮಾಡಿದಳು. ಅಷ್ಟರಲ್ಲಿ ಅವನ ಹಲ್ಲು ಕಿತ್ತಾಗಿತ್ತು, ನಾಲಿಗೆ ಮರಗಟ್ಟಿತ್ತು, ಬಾಯಿತುಂಬ ಹತ್ತಿ.

"ಅಕ್ಕಿಗೆ, ಓಲ್ಡರ್ ಓಡಿಸಿ," ಎಂದ.

"ಓಡಿಸಿದೆ ಕಣೋ! ಮುಗೀತು ಅನ್ನುತ್ತೆ, ಚಿತ್ರ ಇಲ್ಲ."

"ಓಡಿಸಿ!"

ಅವಳು ಮತ್ತೆ ಓಡಿಸಿದಳು. ಮತ್ತೆ ಖಾಲಿ.

"ಇನ್ನೆಷ್ಟು ಸಲ ಓಡಿಸ್ಲಿ ಮಹರಾಯ?"

"ಓಡಿಸಿ ಅಲ್ಲ... ಓಡಿಸಿ!"

ಅಕ್ಕನ ತಲೆ ಗಿರ್ರೆಂದಿತು. ಈ ಎರಡು ಓಡಿಸಿಗಳ ನಡುವೆ ಏನು ವ್ಯತ್ಯಾಸ? ಅಷ್ಟರಲ್ಲಿ ಆ ಕಡೆ ಓರಗಿತ್ತಿ ಗಂಡನ ಕೈಯಿಂದ ಫೋನು ಕಿತ್ತುಕೊಂಡಳು.

"ಅಕ್ಕಾ, ಜೋಡಿಸಿ ಅಂತೆ! ಜ, ಜ! ಇವರು ಕಾಗದದ ಮೇಲೆ ಬರೀತಿದಾರೆ, ತಡೀರಿ. ಕಂಟೇನರ್ ಅಂದ್ರೆ ಆ ಕಂಪ್ಯೂಟರಿನೊಳಗೇ ಇನ್ನೊಂದು ಪುಟ್ಟ ಕಂಪ್ಯೂಟರ್ ಇದ್ದ ಹಾಗಂತೆ. ಚಿತ್ರ ಇಳಿದಿರೋದು ಅದರೊಳಗೆ. ಕೆಲಸ ಮುಗಿದ ಕೂಡಲೇ ಅದು ಅಳಿಸಿಹೋಗುತ್ತಂತೆ, ಚಿತ್ರ ಸಮೇತ. ನಿಮ್ಮ ಫೋಲ್ಡರನ್ನ ಅದಕ್ಕೆ ಜೋಡಿಸಿ ಓಡಿಸಿದ್ರೆ ಮಾತ್ರ ನಿಮಗೆ ಸಿಗೋದು."

"ಅಳಿಸಿಹೋಗೋ ಜಾಗಕ್ಕೆ ತರೋದಾದ್ರೂ ಯಾಕೆ?"

"ನಾನೂ ಅದನ್ನೇ ಕೇಳ್ದೆ. ಏನೋ ಹೇಳ್ತಿದಾರೆ, ಒಂದಕ್ಷರ ತಿಳೀತಿಲ್ಲ."

ಮೊದಲ ಸಾಲಿನ ನಡುವೆ ಫೋಲ್ಡರಿನ ಹೆಸರು ಸೇರಿಸಿದ್ದ ಹೊಸ ಸಾಲು ಮೆಸೇಜಿನಲ್ಲಿ ಬಂತು. ಅಕ್ಕ ಅದನ್ನು ಹಾಕಿ ಪಾಸ್‌ವರ್ಡ್ ಕೊಟ್ಟಳು. 'ಮುಗಿಯಿತು' ಎಂಬ ಮಾತನ್ನು ಅವಳು ಈಗ ನಂಬುವ ಸ್ಥಿತಿಯಲ್ಲಿರಲಿಲ್ಲ. ಹೆದರುತ್ತಲೇ ಫೋಲ್ಡರ್ ತೆರೆದಳು. ಚಿತ್ರ ಅಲ್ಲಿತ್ತು. ಮೇಷ್ಟ್ರ ಹೆಸರನ್ನು ಓದಿ, ಮುಚ್ಚಿ, ಮತ್ತೆ ತೆರೆದು ನೋಡಿದಳು. ಹಾಗೇ ಇತ್ತು.

ಡಾಕ್ಟರಮ್ಮ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಅದೇ ಗೆರೆ, ಅದೇ ಜಾಗ, ಅಷ್ಟೇ ಉದ್ದ.

"ಹಳೇದೇ. ಆಪರೇಷನ್ ಬೇಡ. ಮೇಷ್ಟ್ರಿಗೆ ಊಟ ಕೊಡಿ."

ಮೇಷ್ಟ್ರು ಮೊಣಕೈಯೂರಿ ಅರ್ಧ ಎದ್ದರು. ಖುಷಿಪಡಬೇಕೋ ಬೇಡವೋ ಅವರಿಗೆ ಗೊತ್ತಾಗಲಿಲ್ಲ.

"ಹಾಗಾದ್ರೆ ಡಾಕ್ಟ್ರೇ, ಈಗ ನೋಯ್ತಿರೋದು ಏನು?"

ಡಾಕ್ಟರಮ್ಮ ಹೊರಬಂದು ಅವರ ಬೆನ್ನಿನ ಕೆಳಭಾಗದಲ್ಲಿ ಬೆರಳೊತ್ತಿದರು. ಮೇಷ್ಟ್ರು ಅಮ್ಮಾ ಎಂದು ಚೀರಿದರು.

"ಅಲ್ಲಿರಬಹುದು. ಊಟ ಆದಮೇಲೆ ಬೆನ್ನಿಂದೂ ಒಂದು ಎಕ್ಸ್‌ರೇ ತೆಗಿ," ಎಂದು ಅಕ್ಕನಿಗೆ ಹೇಳಿ ಅವರು ಮುಂದಿನ ರೋಗಿಯತ್ತ ನಡೆದರು.